ಎಸಿ ರಿಮೋಟು ಕೌಂಟರಿನಲ್ಲಿದೆ

ಬಾಗಲಕೋಟೆ ಸೀಮೆಯಲ್ಲಿ ಹಸಿದವನ ಬದುಕು ಸುಲಭ. ನಿದ್ದೆ ಬಂದವನದು ಕಷ್ಟ. ಯಾವ ಊರಿನ ಯಾವ ಖಾನಾವಳಿಗೆ ಹೋಗಿ ಕೂತರೂ ಹೆಸರು ಕೇಳುವ ಮೊದಲೇ ತಾಟು ಬರುತ್ತದೆ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಎರಡನೆಯ ರೊಟ್ಟಿ ಮುಗಿಯುವಷ್ಟರಲ್ಲಿ ಮೂರನೆಯದು ಬಂದಿರುತ್ತದೆ. ಬ್ಯಾಡ ಎಂದು ಕೈ ಅಡ್ಡ ಹಿಡಿದರೆ ಕೈಯ ಮೇಲೇ ಹಾಕಿ ಹೋಗುತ್ತಾರೆ. ನೀವು ಯಾರು, ಯಾಕೆ ಬಂದಿರಿ, ಜತೆಗಿರುವವರು ನಿಮಗೇನಾಗಬೇಕು ಎಂದು ಯಾರೂ ಕೇಳುವುದಿಲ್ಲ. ಅದೇ ಮನುಷ್ಯ ಕೈ ತೊಳೆದು, ಬಾಯಿಗೆ ಎರಡು ಕಾಳು ಬಡೆಸೋಪು ಹಾಕಿಕೊಂಡು ಎದುರಿನ ಲಾಡ್ಜಿನ ಮೆಟ್ಟಿಲು ಹತ್ತಿದನೆಂದರೆ ಅಷ್ಟೇ ಹೊತ್ತಿನಲ್ಲಿ ಶಂಕಿತನಾಗುತ್ತಾನೆ.

"ಆಧಾರ ಕಾರ್ಡ್ ಕೊಡ್ರಿ. ಒರಿಜಿನಲ್. ಝೆರಾಕ್ಸೂ ಬೇಕ್ರಿ."

"ಇಲ್ಲೇ ಮಾಡಿಕೊಳ್ಳಿ."

"ಮಷೀನ್ ಕೆಟ್ಟೈತ್ರಿ. ಅಂಗಡಿ ಬಂದ್ ಆಗೇತ್ರಿ."

ಆಮೇಲೆ ಉದ್ದನೆಯ ರಿಜಿಸ್ಟರು. ಎಲ್ಲಿಂದ ಬಂದಿರಿ, ಎಲ್ಲಿಗೆ ಹೋಗುತ್ತೀರಿ, ಬಂದ ಉದ್ದೇಶ. ಇಂಥ ದಾರ್ಶನಿಕ ಪ್ರಶ್ನೆಗಳನ್ನು ಕೂಡಲಸಂಗಮದಲ್ಲಿ ಕೇಳಿದರೆ ಒಂದು ಅರ್ಥವಿದೆ. ರಾತ್ರಿ ಹನ್ನೊಂದೂವರೆಗೆ, ಚೀಲ ಹೆಗಲಲ್ಲಿರುವಾಗ ಕೇಳಬಾರದು. ನನಗಿಂತ ಮೊದಲು ಬಂದ ನಲವತ್ತು ಜನರೂ ಉದ್ದೇಶದ ಕಾಲಮಿನಲ್ಲಿ 'ಖಾಸಗಿ ಕೆಲಸ' ಎಂದು ಬರೆದಿರುತ್ತಾರೆ. ಇಷ್ಟು ಖಾಸಗಿ ಕೆಲಸ ನಡೆಯುವ ಜಿಲ್ಲೆ ಇನ್ನೊಂದಿರಲಾರದು. ಕೌಂಟರಿನ ಹುಡುಗ ಕಾರ್ಡಿನ ಫೋಟೊ ನೋಡುತ್ತಾನೆ, ನನ್ನ ಮುಖ ನೋಡುತ್ತಾನೆ, ಮತ್ತೆ ಫೋಟೊ ನೋಡಿ ನಿಟ್ಟುಸಿರು ಬಿಡುತ್ತಾನೆ. ಬಾದಾಮಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ, ಕನ್ನಡ ತ್ರಿಪದಿಯ ಅತಿ ಹಳೆಯ ಮಾದರಿ. ಸಜ್ಜನರಿಗೆ ಆತ ಎಷ್ಟು ಒಳ್ಳೆಯವನೋ ಕೆಣಕಿದವರಿಗೆ ಅಷ್ಟೇ ಭಯಂಕರ ಎಂಬುದು ಅದರ ತಾತ್ಪರ್ಯ. ನಮ್ಮ ಕೌಂಟರಿನವರು ಉತ್ತರಾರ್ಧವನ್ನಷ್ಟೇ ಬಾಯಿಪಾಠ ಮಾಡಿದ್ದಾರೆ.

ದರದ ವಿಷಯಕ್ಕೆ ಬಂದರೆ ಎಸಿ ಕೋಣೆಗೊಂದು, ನಾನ್-ಎಸಿ ಕೋಣೆಗೊಂದು. ಎರಡನ್ನೂ ತೋರಿಸಿ ಎಂದು ಹಟ ಹಿಡಿದರೆ ಒಂದೇ ಕೋಣೆ ತೋರಿಸುತ್ತಾರೆ, ಯಾಕೆಂದರೆ ಇರುವುದೇ ಒಂದು ಬಗೆ. ಗೋಡೆಯ ಮೇಲೆ ಎಸಿ ಎರಡರಲ್ಲೂ ಇದೆ. ಹೆಚ್ಚು ಕೊಟ್ಟವನಿಗೆ ರಿಮೋಟು ಕೊಡುತ್ತಾರೆ, ಕಡಿಮೆ ಕೊಟ್ಟವನದು ಕೌಂಟರಿನ ಡ್ರಾದಲ್ಲಿ ಇರುತ್ತದೆ. ಮೇ ತಿಂಗಳಲ್ಲಿ, ನಲವತ್ತು ಡಿಗ್ರಿ ದಾಟಿದ ಹಗಲಿನ ಕಾವನ್ನು ಗೋಡೆಗಳು ರಾತ್ರಿಯಿಡೀ ಕಕ್ಕುತ್ತಿರುವಾಗ, ಬಾಯಿ ಮುಚ್ಚಿ ಕೂತ ಎಸಿಯನ್ನು ನೋಡುತ್ತ ಮಲಗುವುದು ವೈರಾಗ್ಯಕ್ಕೆ ಹತ್ತಿರದ ದಾರಿ. ರಿಮೋಟು ಪಡೆದವನು ಗೆದ್ದನೆಂದೂ ತಿಳಿಯಬೇಡಿ. ಅದರ ಬೆನ್ನಿನ ಮುಚ್ಚಳ ಹೋಗಿ, ಸೆಲ್ಲುಗಳನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟಿರುತ್ತಾರೆ. ಹದಿನಾರು ಡಿಗ್ರಿಯಲ್ಲಿ ಸಿಕ್ಕಿಹಾಕಿಕೊಂಡ ಅದು ಮೇಲೂ ಹೋಗುವುದಿಲ್ಲ, ಕೆಳಗೂ ಬರುವುದಿಲ್ಲ.

ನೀರಿನದು ಇನ್ನೊಂದು ಶಾಸ್ತ್ರ. 'ಬಿಸಿನೀರು ಬೆಳಿಗ್ಗೆ 6ರಿಂದ 8' ಎಂಬ ಫಲಕ ಎಲ್ಲ ಕಡೆಯೂ ಇದೆ. ಈ ಸೀಮೆಯ ಬೇಸಿಗೆಯಲ್ಲಿ ತಣ್ಣೀರಿನ ನಲ್ಲಿಯಿಂದ ಹಗಲೆಲ್ಲ ಕುದಿನೀರು ಬರುತ್ತದೆ, ತಾರಸಿಯ ಕಪ್ಪು ಟ್ಯಾಂಕಿಯ ಕೃಪೆ. ಬನಶಂಕರಿ ಜಾತ್ರೆಯ ಚಳಿಯಲ್ಲಿ ಬಿಸಿನೀರಿನ ನಲ್ಲಿ ತಿರುಗಿಸಿದರೆ ಬರುವುದು ಐಸು. ವರ್ಷದ ಲೆಕ್ಕ ತೆಗೆದರೆ ಎರಡೂ ನಲ್ಲಿಗಳು ಸರಿದೂಗುತ್ತವೆ, ಮಾಲೀಕ ಯಾವ ಸುಳ್ಳನ್ನೂ ಹೇಳಿಲ್ಲ.

ಬಚ್ಚಲಿನ ಬಗ್ಗೆ ಮಾತ್ರ ಸ್ವಲ್ಪ ಹೆಚ್ಚು ಹೇಳಬೇಕು. ಇಳಕಲ್ಲಿನ ಕೆಂಪು ಗ್ರಾನೈಟು ದೇಶ ದಾಟಿ ಹೋಗಿ ಯಾವ ಯಾವುದೋ ಖಂಡಗಳ ಗೋಡೆ ಮೆಟ್ಟಿಲುಗಳಿಗೆ ಅಂಟಿದೆ. ನಮ್ಮ ಲಾಡ್ಜುಗಳೂ ಅದನ್ನು ಧಾರಾಳವಾಗಿ ಬಳಸುತ್ತವೆ: ಕೌಂಟರಿಗೆ, ಕೌಂಟರಿನ ಹಿಂದಿನ ಗೋಡೆಗೆ, ಹೆಸರು ಕೆತ್ತಿದ ಫಲಕಕ್ಕೆ. ಮಾಲೀಕನ ತೀರ್ಥರೂಪರ ಫೋಟೊ ನಿಂತಿರುವುದೂ ಗ್ರಾನೈಟಿನ ಪೀಠದ ಮೇಲೆಯೇ. ಇಷ್ಟು ಕಲ್ಲು ಹಾಕಿದ ಮೇಲೆ ಬಚ್ಚಲಿಗೆ ಹೋದಾಗ ಮೇಸ್ತ್ರಿಗೆ ಆಯಾಸವಾಗಿರುತ್ತದೆ. ನೀರು ಹೋಗುವ ತೂತು ಒಂದು ಮೂಲೆಯಲ್ಲಿ, ನೆಲದ ಇಳಿಜಾರು ಅದರ ಎದುರು ಮೂಲೆಗೆ, ಅಂದರೆ ಬಾಗಿಲ ಕಡೆಗೆ, ಅಂದರೆ ನಿಮ್ಮ ಹಾಸಿಗೆಯ ಕಡೆಗೆ. ಬಾಗಲಕೋಟೆಯಿಂದ ಒಂದು ತಾಸಿನ ದಾರಿಯ ಬಾದಾಮಿಯಲ್ಲಿ ಚಾಲುಕ್ಯ ಮಂಗಳೇಶ 578ರಲ್ಲಿ ಇಡೀ ಗುಡ್ಡ ಕೊರೆಸಿ ಮೂರನೆಯ ಗುಹೆ ಮಾಡಿಸಿದ, ಶಾಸನದಲ್ಲಿ ಶಕವರ್ಷದ ಲೆಕ್ಕ ಸಮೇತ ಇದೆ. ಸಾವಿರದ ನಾನೂರು ಮಳೆಗಾಲ ಕಳೆದರೂ ಒಳಗಿನ ವರಾಹನ ಕಾಲು ಒದ್ದೆಯಾಗಿಲ್ಲ. ಆ ಶಿಲ್ಪಿಗಳ ವಂಶದಲ್ಲಿ ಯಾರೋ ಒಬ್ಬ ಸಿಟ್ಟಾಗಿ ಮನೆ ಬಿಟ್ಟು ಹೋಗಿರಬೇಕು. ಇಂದಿನ ಲಾಡ್ಜುಗಳ ಬಚ್ಚಲು ಕಟ್ಟುತ್ತಿರುವವರು ಅವನ ಕಡೆಯವರು.

ತಿನ್ನಿಸುವಾಗ ತಾಯಿಯಾಗುವ ಊರು ಮಲಗಿಸುವಾಗ ಹೀಗೇಕೆ ಮಾಡುತ್ತದೆ? ಜನರ ಸ್ವಭಾವದಲ್ಲಿ ಇದಕ್ಕೆ ಉತ್ತರ ಹುಡುಕಿ ಬಹಳ ದಿನ ಕಳೆದೆ. ಉತ್ತರ ಇದ್ದದ್ದು ಅಬಕಾರಿ ನಿಯಮದಲ್ಲಿ.

ಕರ್ನಾಟಕದಲ್ಲಿ ಕೂತು ಕುಡಿಯುವ ಬಾರಿಗೆ ಸಿಎಲ್-9 ಎಂಬ ಸನ್ನದು ಬೇಕು. ಹೊಸ ಸಿಎಲ್-9 ಸಿಗುವುದು ದಶಕಗಳ ಕಾಲ ದುರ್ಲಭವಾಗಿತ್ತು; ಇರುವುದನ್ನೇ ಕೈಯಿಂದ ಕೈಗೆ ದಾಟಿಸಬೇಕಿತ್ತು, ಅದರ ಬೆಲೆ ಕೇಳಿದರೆ ಕುಡಿಯದೆಯೇ ತಲೆ ತಿರುಗುತ್ತಿತ್ತು. ಆದರೆ ಸಿಎಲ್-7 ಎಂಬ ಇನ್ನೊಂದಿದೆ. ಅದು ವಸತಿಗೃಹಗಳಿಗೆ. ದೂರದಿಂದ ಬಂದು ತಂಗಿದ ದಣಿದ ಪ್ರಯಾಣಿಕನಿಗೆ ಒಂದು ಗುಟುಕು ಬೇಕಾದೀತೆಂಬ ಸರ್ಕಾರದ ಕರುಣೆಯಿಂದ ಹುಟ್ಟಿದ್ದು. ಅದನ್ನು ಪಡೆಯಲು ಇಂತಿಷ್ಟು ಕೋಣೆಗಳಿರಬೇಕು. ಕೋಣೆ ಕಟ್ಟಿದರೆ ಬಾರು, ಕಟ್ಟದಿದ್ದರೆ ಇಲ್ಲ. ಆದ್ದರಿಂದ ರಾಜ್ಯದ ಊರೂರಲ್ಲಿ ಕೋಣೆಗಳು ಎದ್ದವು. ಅಧಿಕಾರಿ ಬಂದು ಎಣಿಸುತ್ತಾರೆ. ಬಾಗಿಲಿದೆಯೇ, ಇದೆ. ಮಂಚವಿದೆಯೇ, ಇದೆ. ಅದರ ಮೇಲೆ ಯಾರಾದರೂ ಮಲಗಿ ನಿದ್ದೆ ಮಾಡಲು ಸಾಧ್ಯವೇ ಎಂದು ಪರೀಕ್ಷಿಸುವ ಕಲಮು ನಿಯಮದಲ್ಲಿಲ್ಲ.

ಈ ಒಂದು ಸಂಗತಿ ತಿಳಿದ ಮೇಲೆ ನನಗೆ ಎಲ್ಲವೂ ಅರ್ಥವಾಯಿತು, ಕ್ಷಮಾಗುಣವೂ ಬಂತು. ಕೆಳಗೆ ಬಾರಿನ ಕೆಂಪು ದೀಪದಡಿ ಗಲ್ಲಾ ತುಂಬುತ್ತಿರುವಾಗ ಮೇಲಿನ ಕೋಣೆ ಲಗ್ನಕ್ಕೆ ಬೀಗರ ಜತೆ ಕರೆಯದೆ ಬಂದ ದೂರದ ನೆಂಟನಂತೆ: ಫೋಟೊಗೆ ನಿಲ್ಲಲಿ, ಊಟಕ್ಕೆ ಬಾರದಿರಲಿ. ರಾತ್ರಿ ಹನ್ನೆರಡಕ್ಕೆ ಫೋನು ಎತ್ತಿ 'ಒಂದು ಚಾದರ ಕಳಿಸಿ' ಎಂದರೆ, ಮೇಲೆ ಒಬ್ಬ ಮನುಷ್ಯ ನಿಜವಾಗಿಯೂ ಮಲಗಿದ್ದಾನೆಂಬ ಸುದ್ದಿಯೇ ಅವರಿಗೆ ಆಘಾತ. ಇದೇ ಬಾರುಗಳ ಸೀಮೆಯಲ್ಲಿ ಇಳಕಲ್ಲಿನ ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು ತಿರುಗಿ, ಕಾಣಿಕೆಯ ಬದಲು ಜನರ ದುಶ್ಚಟಗಳನ್ನೇ ಬೇಡಿದರು. ಲಾಡ್ಜಿನ ಮೆಟ್ಟಿಲುಗಳ ಮೂಲೆಯ ಗುಟ್ಕಾ ಕಲೆ ನೋಡಿದರೆ ಆ ಜೋಳಿಗೆ ಇನ್ನೂ ದೊಡ್ಡದಿರಬೇಕಿತ್ತು.

ಬಿಲ್ಲಿನ ಮಾತೂ ಆಗಲಿ. 2022ರ ಜುಲೈ 18ರವರೆಗೆ ಸಾವಿರ ರೂಪಾಯಿಯೊಳಗಿನ ಕೋಣೆಗೆ ಜಿಎಸ್‌ಟಿ ಇರಲಿಲ್ಲ. ಅಂದಿನಿಂದ ಶೇ 12 ಬಂತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ 5ಕ್ಕೆ ಇಳಿಯಿತು. ಈ ಏರಿಳಿತದ ಯಾವ ಘಟ್ಟದಲ್ಲೂ ಕೌಂಟರಿನ ಪ್ರಶ್ನೆ ಬದಲಾಗಲಿಲ್ಲ: "ಬಿಲ್ ಬೇಕೇನ್ರಿ?" ಬೇಕೆಂದವನ ಮುಖವನ್ನು ಇನ್ನೊಮ್ಮೆ ಆಧಾರ ಕಾರ್ಡಿನ ಜತೆ ತಾಳೆ ನೋಡುತ್ತಾರೆ.

ಬಾಗಲಕೋಟೆಯ ವಿದ್ಯಾಗಿರಿಯ ಕತೆ ಸ್ವಲ್ಪ ಬೇರೆ. ಇಲ್ಲಿಗೆ ಬರುವವರು ಗುಡಿ ಗೋಪುರ ನೋಡುವವರಲ್ಲ, ಮಕ್ಕಳನ್ನು ಹೊತ್ತು ತರುವವರು. 1906ರಲ್ಲಿ ಶುರುವಾದ ಬಸವೇಶ್ವರ ವಿದ್ಯಾವರ್ಧಕ ಸಂಘ ಈ ಬೋಳು ಗುಡ್ಡದ ಮೇಲೆ ಕಾಲೇಜಿನ ಮೇಲೆ ಕಾಲೇಜು ಎಬ್ಬಿಸಿತು; ಎಂಜಿನಿಯರಿಂಗ್ ಕಾಲೇಜಂತೂ 1963ರಿಂದ ಇದೆ. ಹೀಗಾಗಿ ವಿದ್ಯಾಗಿರಿಯಲ್ಲಿ ಋತುಗಳು ಬೇರೆ: ಸಿಇಟಿ, ಪ್ರವೇಶ, ಪ್ರಾಕ್ಟಿಕಲ್ಲು, ಘಟಿಕೋತ್ಸವ. ಪ್ರತಿ ಋತುವಿನಲ್ಲೂ ಲಾಡ್ಜಿನ ದರಕ್ಕೆ ಹೊಸ ಚಿಗುರು. ಸಿಇಟಿಯ ಹಿಂದಿನ ರಾತ್ರಿ ಹುಡುಗ ಮಂಚದ ಮೇಲೆ ಪುಸ್ತಕ ಹರಡಿಕೊಂಡು, ಅಪ್ಪ ಪ್ಲಾಸ್ಟಿಕ್ ಕುರ್ಚಿಯಲ್ಲಿ ತೂಕಡಿಸುತ್ತ, ಅವ್ವ ನೆಲದ ಮೇಲೆ ಬುತ್ತಿಗಂಟು ಬಿಚ್ಚುತ್ತ, ಮೂವರಿಗೂ ಒಂದೇ ಫ್ಯಾನು. ಅಷ್ಟು ಸದ್ದು ಮಾಡುವ ವಸ್ತು ಅಷ್ಟು ಕಡಿಮೆ ಗಾಳಿ ಕೊಡುವುದು ಹೇಗೆಂಬುದು ಭೌತಶಾಸ್ತ್ರದ ಪಠ್ಯದಲ್ಲಿಲ್ಲ, ಇದ್ದಿದ್ದರೆ ಹುಡುಗನಿಗೆ ಒಂದು ಅಂಕವಾದರೂ ಸಿಗುತ್ತಿತ್ತು. ಅಂದೇ ಮದುವೆಯ ಮುಹೂರ್ತವೂ ಬಿದ್ದರೆ ಪರೀಕ್ಷೆಯವರಿಗೆ ಇದ್ದ ಕೋಣೆಯೂ ಹೋಯಿತು. "ಪಾರ್ಟಿ ಬಂದಾವ್ರಿ, ಪೂರಾ ಫ್ಲೋರ್ ಬುಕ್ಕು." ರಾತ್ರಿ ಎರಡರವರೆಗೆ ಬ್ಯಾಂಜೊ. ಕುಮಾರೇಶ್ವರ ಆಸ್ಪತ್ರೆಗೆ ರೋಗಿಯನ್ನು ಕರೆತಂದ ಹಳ್ಳಿಯವರು ಈ ಯಾವ ಗೊಂದಲಕ್ಕೂ ಸಿಗುವುದಿಲ್ಲ. ಅವರು ಚಾಪೆ, ಚಾದರ, ರೊಟ್ಟಿಗಂಟು ಮನೆಯಿಂದಲೇ ತಂದಿರುತ್ತಾರೆ. ಲಾಡ್ಜಿನ ದರ ಕೇಳುವ ಧೈರ್ಯ ಮಾಡುವುದಿಲ್ಲ.

ಕೌಂಟರಿನವರು ಬಾಗಲಕೋಟೆಯವರಿಗೆ ಚೆಕ್‌ಔಟ್ ನಿಯಮ ಓದಿ ಹೇಳುವುದನ್ನು ಕಂಡಾಗ ಮಾತ್ರ ನನಗೆ ನಗು ತಡೆಯದು. ಹನ್ನೆರಡಕ್ಕೆ ಖಾಲಿ ಮಾಡಬೇಕ್ರಿ, ತಡವಾದರೆ ಅರ್ಧ ದಿನದ ಬಾಡಿಗೆ. ಯಾರಿಗೆ ಹೇಳುತ್ತೀರಪ್ಪ? ಓಣಿ ಓಣಿಗೇ ನೋಟಿಸು ಪಡೆದು ಮನೆ ಖಾಲಿ ಮಾಡಿದ ಜನ ಇವರು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು 519.60 ಮೀಟರಿಗೆ ನಿಂತಾಗ ಹಳೇ ಊರಿನ ಓಣಿಗಳು ಘಟಪ್ರಭೆಯ ಪಾಲಾದವು; ಮನೆ ಕಳೆದುಕೊಂಡವರಿಗೆ ನವನಗರದಲ್ಲಿ ಸೆಕ್ಟರ್ ನಂಬರು, ಪ್ಲಾಟ್ ನಂಬರು ಕೊಟ್ಟರು. ಓಣಿಯ ಹೆಸರಿನಿಂದ ಗುರುತಿಸಿಕೊಂಡವರು ಒಂದೇ ಏಟಿಗೆ ರೂಮ್ ನಂಬರಿನವರಾದರು. ಈಗ ಮಟ್ಟವನ್ನು 524.256 ಮೀಟರಿಗೆ ಏರಿಸುವ ಮಾತು. ಅಂದರೆ ಇನ್ನಷ್ಟು ಊರುಗಳಿಗೆ ಬೆಲ್ಲು ಬಾರಿಸಲಾಗುವುದು. ಸಾಮಾನು ಕಟ್ಟಿಕೊಂಡು, ಹಿಂದೆ ಬಿಟ್ಟದ್ದಕ್ಕೆ ಆಡಳಿತ ಮಂಡಳಿ ಜವಾಬ್ದಾರಿಯಲ್ಲ ಎಂಬ ಫಲಕವನ್ನು ಇವರಷ್ಟು ಚೆನ್ನಾಗಿ ಓದಿದವರು ಯಾರು?

ಇನ್ನು ಪ್ರವಾಸೋದ್ಯಮ. ಪಟ್ಟದಕಲ್ಲು 1987ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಜಗತ್ತೇ ಬಂದು ನೋಡಬೇಕು, ಕತ್ತಲಾಗುವಷ್ಟರಲ್ಲಿ ಬಾದಾಮಿಗೆ ಓಡಬೇಕು. ಬಾದಾಮಿಯಲ್ಲಿ ರೈಲಿಳಿದವನಿಗೂ ಊರು ಸಿಗುವುದು ಐದು ಕಿಲೊಮೀಟರಿನ ಆಟೊ ಚೌಕಾಸಿಯ ನಂತರ. ವಿದೇಶಿಯನೊಬ್ಬ ಸಣ್ಣ ಲಾಡ್ಜಿಗೆ ಬಂದರೆ ಕೌಂಟರಿನಲ್ಲಿ ಭೂಕಂಪ. 24 ಗಂಟೆಯೊಳಗೆ ಅವನ ವಿವರದ ಫಾರಂ ತುಂಬಿ ಕಳಿಸಬೇಕು. ಅದಕ್ಕಿಂತ ಎಲ್ಲ ಕೋಣೆ ಭರ್ತಿ ಎನ್ನುವುದು ಸಲೀಸು. ಹದಿನೈದು ಕೀಲಿಕೈಗಳು ಹಲಗೆಯ ಮೇಲೆ ತೂಗಾಡುತ್ತಿರುತ್ತವೆ, ಆತನಿಗೆ ಕನ್ನಡ ಬರದಿದ್ದರೂ ಎಣಿಕೆ ಬರುತ್ತದೆ.

ಈ ಸೀಮೆಗೆ ವಿದೇಶವೆಂದರೆ ಹೊಸ ಸಂಗತಿಯೂ ಅಲ್ಲ. ಅಯ್ಯಾವೊಳೆಯ ಐನೂರ್ವರು, ಅಂದರೆ ನಮ್ಮ ಐಹೊಳೆಯ ಹೆಸರು ಹೊತ್ತ ವರ್ತಕರು, ದಕ್ಷಿಣ ಭಾರತವನ್ನೆಲ್ಲ ಸುತ್ತಿದರು, ಸಮುದ್ರ ದಾಟಿದರು. ಸುಮಾತ್ರಾದ ಬಾರೂಸಿನಲ್ಲಿ 1088ರ ತಮಿಳು ಶಾಸನವೊಂದು ಐನೂರ್ವರ ಸಂಘದ್ದು. ಊರೂರು ತಂಗಿ ವ್ಯಾಪಾರ ಮಾಡಿದವರ ತವರಿನಲ್ಲಿ ಇಂದು ಸಂಜೆ ಬಸ್ಸು ತಪ್ಪಿದರೆ ಎಲ್ಲಿ ಮಲಗುವುದೆಂದು ಕೇಳಿ ನೋಡಿ. ಲಾಡ್‌ಖಾನ್ ಎಂಬಾತ ಜಾಣ. ಐಹೊಳೆಗೆ ಬಂದವನು ಬುಕಿಂಗಿನ ಗೋಜಿಗೇ ಹೋಗದೆ ಗುಡಿಯೊಳಗೆ ಬಿಡಾರ ಹೂಡಿದ. ಕಟ್ಟಿಸಿದವರ ಹೆಸರು ಜನರ ಬಾಯಲ್ಲಿ ಉಳಿಯಲಿಲ್ಲ, ತಂಗಿದವನ ಹೆಸರು ಉಳಿಯಿತು. ಗುಡಿ ಇಂದಿಗೂ ಲಾಡ್‌ಖಾನ್ ಗುಡಿ. ಅಷ್ಟು ಗಟ್ಟಿಯಾದ ಕಂಬ, ಅಷ್ಟು ತಂಪು ನೆಲ, ನಾಲ್ಕೂ ಕಡೆಯಿಂದ ಗಾಳಿ, ಕೌಂಟರು ಇಲ್ಲ. ಆತನ ಆಯ್ಕೆಯಲ್ಲಿ ನನಗೆ ತಪ್ಪು ಕಾಣುವುದಿಲ್ಲ.

ಬುಕಿಂಗ್ ಇಲ್ಲದೆ ಬಂದು ಹೋಗಲೊಲ್ಲದ ಅತಿಥಿಗಳೂ ಇದ್ದರು. 642ರ ಸುಮಾರಿಗೆ ಕಂಚಿಯ ನರಸಿಂಹವರ್ಮ ಪಲ್ಲವ ಬಾದಾಮಿಗೆ ಬಂದ. ಬಂದವನು ಬಂಡೆಯ ಮೇಲೆ ಶಾಸನ ಕೆತ್ತಿಸಿ ಸಂದರ್ಶಕರ ಪುಸ್ತಕಕ್ಕೆ ಸಹಿಯನ್ನೂ ಹಾಕಿದ. ಪಲ್ಲವರ ಚೆಕ್‌ಔಟ್ ಮಾಡಿಸಲು ಮೊದಲನೆಯ ವಿಕ್ರಮಾದಿತ್ಯನಿಗೆ ಹನ್ನೆರಡು ಹದಿಮೂರು ವರ್ಷ ಹಿಡಿಯಿತು. ಕೌಂಟರಿನವರ ಸಂಶಯಬುದ್ಧಿಯ ಬೇರು ಅಲ್ಲಿಯೇ ಇದ್ದರೂ ಇರಬಹುದು.

ವಿಮರ್ಶೆಗಳಿಗೂ ಇಲ್ಲಿ ದೀರ್ಘ ಪರಂಪರೆಯಿದೆ. ಐಹೊಳೆಯ ಮೇಗುತಿ ಗುಡಿಯಲ್ಲಿ 634ರ ಶಾಸನ: ಕವಿ ರವಿಕೀರ್ತಿ ತನ್ನ ಒಡೆಯ ಇಮ್ಮಡಿ ಪುಲಕೇಶಿಗೆ ಐದಕ್ಕೆ ಐದು ನಕ್ಷತ್ರ ಕೊಟ್ಟಿದ್ದಾನೆ, ಜತೆಗೆ ತಾನೂ ಕಾಳಿದಾಸ, ಭಾರವಿಯರ ಸಮಾನನೆಂದು ಸೇರಿಸಿದ್ದಾನೆ. ಇಂದು ಫೋನಿನಲ್ಲಿ ಯಾವ ಲಾಡ್ಜು ತೆರೆದರೂ ಮೊದಲ ಆರೇಳು ವಿಮರ್ಶೆ ಅದೇ ಶೈಲಿ, 'ಸೂಪರ್ ಸ್ಟೇ, ಬೆಸ್ಟ್ ಸರ್ವಿಸ್'; ಬರೆದವನ ಅಡ್ಡಹೆಸರೂ ಮಾಲೀಕನ ಅಡ್ಡಹೆಸರೂ ಒಂದೇ. ರವಿಕೀರ್ತಿಗಾದರೂ ಛಂದಸ್ಸು ಬರುತ್ತಿತ್ತು.

ದೂರು ಕೊಟ್ಟು ಗೆದ್ದ ಅತಿಥಿ ಈ ನೆಲದಲ್ಲಿ ಒಬ್ಬನೇ, ಅಗಸ್ತ್ಯ. ಮಹಾಭಾರತದ ಆ ಕತೆಯನ್ನು ಬಾದಾಮಿಯ ಜನ ತಮ್ಮೂರಿನದೆಂದೇ ಹೇಳುತ್ತಾರೆ, ಊರಿನ ಹಳೆಯ ಹೆಸರೇ ವಾತಾಪಿ. ಇಲ್ವಲ ಎಂಬ ಆತಿಥೇಯ ತಮ್ಮ ವಾತಾಪಿಯನ್ನು ಟಗರು ಮಾಡಿ, ಅಡುಗೆ ಮಾಡಿ, ಬಂದ ಅತಿಥಿಗೆ ಬಡಿಸುವುದು. ಉಂಡಾದ ಮೇಲೆ ವಾತಾಪಿ, ಬಾ ಎಂದು ಕರೆಯುವುದು. ಆತ ಹೊಟ್ಟೆ ಸೀಳಿಕೊಂಡು ಬರುವುದು. ಅಗಸ್ತ್ಯ ಉಂಡು, ಹೊಟ್ಟೆ ಸವರಿಕೊಂಡು, ಜೀರ್ಣಿಸಿಕೊಂಡುಬಿಟ್ಟ. ಜನ ಇಲ್ಲಿಗೇ ಕತೆ ನಿಲ್ಲಿಸುತ್ತಾರೆ. ನನಗೆ ಇಷ್ಟವಾಗುವುದು ಮುಂದಿನ ಭಾಗ: ಹೆದರಿದ ಇಲ್ವಲ ಅಗಸ್ತ್ಯನಿಗೂ ಜತೆಗೆ ಬಂದ ಮೂವರು ಅರಸರಿಗೂ ಸಾವಿರಾರು ಹಸು, ಹೊನ್ನು, ಮುನಿಗೆ ಮೇಲಾಗಿ ಚಿನ್ನದ ರಥವನ್ನೂ ಕೊಟ್ಟು ಕಳಿಸಿದ. ಪರಿಹಾರ, ಅದೂ ಸ್ಥಳದಲ್ಲೇ, ಗ್ರಾಹಕ ವೇದಿಕೆಗೆ ಅಲೆಯದೆ! ನಾನು ಇನ್ನೂರು ರೂಪಾಯಿ ಡಿಪಾಜಿಟ್ ವಾಪಸು ಕೇಳಿದಾಗಲೆಲ್ಲ ಚಿಲ್ಲರೆ ಇಲ್ರಿ ಎಂಬ ಉತ್ತರವೇ ಬಂದಿದೆ. ತಪೋಬಲ ಸಾಲದು.

ಒಳ್ಳೆಯ ನಿದ್ದೆ ಸಿಗಲೇ ಇಲ್ಲವೆಂದರೆ ಸುಳ್ಳಾಗುತ್ತದೆ. ಇಳಕಲ್ಲಿನಲ್ಲಿ ಒಂದು ಹಳೆಯ ಲಾಡ್ಜು. ಹೆಸರು ಹೇಳಿದರೆ ನಾಳೆ ನೀವೆಲ್ಲ ಹೋಗಿ ನನಗೆ ಕೋಣೆ ಸಿಗದಂತೆ ಮಾಡುತ್ತೀರಿ. ಎತ್ತರದ ಮಾಡು, ಎದುರುಬದುರು ಕಿಟಕಿ, ತಲೆದೆಸೆಗೆ ಮಣ್ಣಿನ ಹೂಜಿ. ಹೊದೆಯಲು ಹಳೆಯ ಇಳಕಲ್ ಸೀರೆಗಳನ್ನು ಜೋಡಿಸಿ ಮನೆಯವರೇ ಹೊಲಿದ ಕೌದಿ. ಅದರ ಒಂದು ಮೂಲೆಯಲ್ಲಿ ಯಾರದೋ ಟೋಪ್‌ತೆನೆ ಸೆರಗು ಇನ್ನೂ ಕೆಂಪಗಿದೆ. ಮಾಲೀಕ ಎಪ್ಪತ್ತು ದಾಟಿದ ಮನುಷ್ಯ. ಆತನೂ ರಿಜಿಸ್ಟರು ತುಂಬಿಸಿಕೊಳ್ಳುತ್ತಾನೆ, ಆಧಾರ್ ಕೇಳುತ್ತಾನೆ, ಕಾನೂನಿನ ಒಂದು ಕಾಲಮೂ ಬಿಡುವುದಿಲ್ಲ. ಹಾಗಾಗಿ ಸಂಶಯ ಪಡಬೇಕೆಂದು ಕಾನೂನೇನೂ ಹೇಳಿಲ್ಲವೆಂಬುದು ಅಲ್ಲಿ ಖಾತ್ರಿಯಾಯಿತು. ಬೆಳಿಗ್ಗೆ ಕೀಲಿ ಕೊಡಲು ಹೋದರೆ ಆತ ಕೇಳಿದ ಮೊದಲ ಮಾತು, "ನಿದ್ದಿ ಆತೇನ್ರಿ?" ಉಳಿದ ಯಾವ ಕೌಂಟರಿನಲ್ಲೂ ಈ ಪ್ರಶ್ನೆ ನನ್ನ ಕಿವಿಗೆ ಬಿದ್ದಿಲ್ಲ, ಅವರು ಟವೆಲ್ಲು ಎಣಿಸುವುದರಲ್ಲಿ ಮಗ್ನರು.

ಫೋನಿನಲ್ಲಿ ಈ ಲಾಡ್ಜಿನ ಅಂಕ ಮೂರು ದಾಟಿಲ್ಲ. ಲಿಫ್ಟ್ ಇಲ್ಲ, ಟಿವಿ ಸಣ್ಣದು, ಮಾಲೀಕ ಹತ್ತು ಗಂಟೆಗೆ ದನಿ ತಗ್ಗಿಸಿ ಮಾತಾಡ್ರಿ ಅಂತಾನೆ ಎಂದು ಜನ ಬರೆದಿದ್ದಾರೆ. ಒಬ್ಬನಂತೂ ಸೋಡಾ ತಂದುಕೊಡಲಿಲ್ಲವೆಂದು ಒಂದೇ ನಕ್ಷತ್ರ ಕೊಟ್ಟಿದ್ದಾನೆ.

ಕಳೆದ ಸಲ ಹೋದಾಗ ಕೌಂಟರಿನಲ್ಲಿ ಮಗ ಕೂತಿದ್ದ, ಬೆಂಗಳೂರಿನಿಂದ ಬಂದವನು, ಮೇಜಿನ ಮೇಲೆ ನೀಲನಕ್ಷೆ ಹರಡಿಕೊಂಡು. ಮುದುಕ ಒಳಗೆ ಪೇಪರು ಓದುತ್ತಿದ್ದ.

"ಎಲ್ಲಾ ಕಿತ್ತ ಹಾಕಾಕತ್ತೀವ್ರಿ ಸರ. ಹಂಚು, ಕಿಟಕಿ, ಎಲ್ಲಾ. ತಳಗ ಗ್ರಾನೈಟ್ ಹಾಕಿ ರೆಸ್ಟೋರೆಂಟ್, ಮ್ಯಾಲ ಡೀಲಕ್ಸ್ ರೂಮು. ಮುಂದಿನ ಸಲ ಬಂದ್ರ ಗುರ್ತಾ ಹಿಡಿಯೂದಿಲ್ಲ ನೀವು."

"ರೂಮು ಎಷ್ಟು ಕಟ್ಟಿಸ್ತೀರಿ?"

ಹುಡುಗ ನಕ್ಷೆಯಿಂದ ತಲೆ ಎತ್ತಲಿಲ್ಲ. "ಅಬಕಾರಿ ಆಫೀಸಿನವ್ರು ಎಷ್ಟಂತಾರೋ ಅಷ್ಟ ರೀ."